ನೋವಿನ ಮಾತ್ರೆ: ಜಮಾ ಎಷ್ಟು, ಖರ್ಚು ಎಷ್ಟು?



ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಉಸ್ಸೆನ್ನುವಷ್ಟರಲ್ಲಿ ಕಾಫಿ ಹಣ್ಣಾಗಿ ನಿಂತಿರುತ್ತದೆ. ಕೊಯ್ಲಿನ ಈ ನಾಲ್ಕೈದು ತಿಂಗಳು ನಮ್ಮಂತಹ ಸಣ್ಣ ಬೆಳೆಗಾರರ ಮನೆಯಲ್ಲಿ ಯಾರಿಗೂ ಬಿಡುವೆಂಬುದಿಲ್ಲ. ಆಳು ಸಿಕ್ಕಿದರೆ ಆಳಿನ ಜೊತೆಗೆ, ಸಿಗದಿದ್ದರೆ ಮನೆಮಂದಿಯೇ ಟೊಂಕ ಕಟ್ಟಿ ನಿಲ್ಲಬೇಕು. ಹಗಲೆಲ್ಲ ಇಳಿಜಾರಿನ ತೋಟದಲ್ಲಿ ಹತ್ತಿ ಇಳಿದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತ ಮೈಗೆ ನೋವು ಬಾರದೆ ಇರುತ್ತದೆಯೆ?

ಸಂಘದ ಜಗುಲಿಯಲ್ಲಿ ಮೂಟೆಯ ತೂಕಕ್ಕೆ ಕಾದು ಕುಳಿತಾಗ ಬರುವ ಮಾತು ಎರಡೇ. ಒಂದು ಧಾರಣೆಯದು, ಇನ್ನೊಂದು ಮಂಡಿ, ಸೊಂಟದ್ದು. ಮಾತು ಮುಗಿಯುವ ಮೊದಲೇ ಒಬ್ಬರು ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, "ನನಗೆ ಇದು ಭಾರೀ ಹಿಡಿಸಿದೆ ಮಾರಾಯ್ರೆ, ನೀವೂ ಒಂದು ನುಂಗಿ ನೋಡಿ" ಎಂದು ಪಕ್ಕದವರಿಗೆ ಮುರಿದು ಕೊಡುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಒಂದು ಚೀಲ ಗೊಬ್ಬರ ಹಾಕಲು ಮಣ್ಣು ಪರೀಕ್ಷೆ ಮಾಡಿಸುವ ನಾವು, ನಮ್ಮ ಹೊಟ್ಟೆಗೆ ಹಾಕುವ ಮಾತ್ರೆಯ ವಿಷಯದಲ್ಲಿ ಇಷ್ಟು ಧಾರಾಳಿಗಳಾಗಿರುವುದು ಏಕೆ? ಈ ಸಂಚಿಕೆಯಲ್ಲಿ ಅದರ ಜಮಾ-ಖರ್ಚನ್ನು ನೋಡೋಣ. ಒಂದೆರಡು ದಿನದ ಮೈಕೈ ನೋವಿನ ಮಾತು ಇದಲ್ಲ. ಮೂರು ತಿಂಗಳು ಕಳೆದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಅಲ್ಲಿಯೇ.

ನಮ್ಮದೇ ಕಥೆ

ಪರರಿಗೆ ಉಪದೇಶ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಸರಿ. ನಮಗೆ ಎರಡೂ ಮಂಡಿ ಸವೆದಿವೆ. ಎರಡು ಕೊಯ್ಲಿನ ಕಾಲ ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಡೈಕ್ಲೋಫೆನಾಕ್ ಮಾತ್ರೆ ನುಂಗಿದೆವು. ಚೀಟಿ ಬರೆದ ವೈದ್ಯರು ಹೇಳಿದ್ದು ಐದು ದಿನಕ್ಕೆ. ನಾವು ಎಳೆದದ್ದು ಐದು ತಿಂಗಳಿಗೆ. ಮಾತ್ರೆ ನುಂಗಿದ ಅರ್ಧ ಗಂಟೆಗೆ ಕಾಲು ಹಗುರಾಗುತ್ತಿತ್ತು, ಕೆಳಗಿನ ತೋಟದಿಂದ ಕಣದವರೆಗೆ ನಿಲ್ಲದೆ ಹತ್ತುತ್ತಿದ್ದೆವು. ಲಾಭ ಕಣ್ಣಿಗೆ ಕಾಣುತ್ತಿತ್ತು.

ರಕ್ತದೊತ್ತಡಕ್ಕೆಂದು ನಾವು ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆವು, ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಅದನ್ನು ಕೊಡುವ ಡಾಕ್ಟರು ಪ್ರತಿ ಸಲ, "ಬೇರೆ ಏನಾದರೂ ಔಷಧ ನಡೆಯುತ್ತಿದೆಯೆ?" ಎಂದು ಕೇಳುವರು. ನಾವು ಪ್ರತಿ ಸಲ "ಏನಿಲ್ಲ" ಎನ್ನುವೆವು. ಸುಳ್ಳು ಹೇಳಬೇಕೆಂದಲ್ಲ, ನೋವಿನ ಮಾತ್ರೆ ಔಷಧದ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ನಮ್ಮ ತಲೆಗೆ ಹೊಳೆದಿರಲಿಲ್ಲ. ಎರಡನೆಯ ಕೊಯ್ಲಿನ ಕೊನೆಗೆ ಪಾದ ಊದಿತು, ಬಾಯಿ ರುಚಿ ಕೆಟ್ಟಿತು. ರಕ್ತ ಪರೀಕ್ಷೆ ಮಾಡಿದಾಗ ಹಿಂದೆ 1.1 ಇದ್ದ ಕ್ರಿಯಾಟಿನಿನ್ 2.3ಕ್ಕೆ ಏರಿತ್ತು. ಮೂತ್ರಪಿಂಡದ ಶಕ್ತಿ ಅರ್ಧಕ್ಕರ್ಧ ಇಳಿದಿದೆ ಎಂದರು. ಮಾತ್ರೆ ಬಿಟ್ಟ ಮೇಲೆ ಅದು 1.4ಕ್ಕೆ ಬಂದು ನಿಂತಿದೆ. ಕಳೆದುಕೊಂಡದ್ದರಲ್ಲಿ ಸ್ವಲ್ಪ ಮಾತ್ರ ಮರಳಿ ಬರಲಿಲ್ಲ. ಲಾಭ ದಿನದಿನವೂ ಕಂಡಿತ್ತು. ಖರ್ಚು ಮಾತ್ರ ವರ್ಷದ ಕೊನೆಗೆ ಒಮ್ಮೆಲೇ ಬಂತು.

ಬೋರ್ಡೋ ದ್ರಾವಣ ಕಲಿಸುವ ಪಾಠ

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ನಮಗೆ ಹೊಸತಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಹೊಳಪಿನ ಚಾಕುವನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಹೆಚ್ಚಾಯಿತೆಂದು ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತೇವೆ. ಮೈಲುತುತ್ತ ಸುಡುತ್ತದೆಂದು ಔಷಧಿಯನ್ನೇ ಬಿಟ್ಟರೆ ಕೊನೆಯೆಲ್ಲ ಉದುರಿ ಹೋಗುತ್ತದೆ. ಒಳ್ಳೆಯದೆಂದು ಹನ್ನೆರಡು ತಿಂಗಳೂ ಹೊಡೆದರೆ ಮಣ್ಣಿನಲ್ಲಿ ತಾಮ್ರ ತುಂಬಿಕೊಳ್ಳುತ್ತದೆ. ಪ್ರಮಾಣ, ಕಾಲ, ಪರೀಕ್ಷೆ ಈ ಮೂರನ್ನೂ ತೋಟಕ್ಕೆ ತಪ್ಪದೆ ಪಾಲಿಸುವ ನಾವು ನಮ್ಮ ಮೈಗೆ ಮಾತ್ರ ಮೂರನ್ನೂ ಮರೆಯುತ್ತೇವೆ. ನೋವಿನ ಮಾತ್ರೆ ಶತ್ರುವೂ ಅಲ್ಲ, ನೆಂಟನೂ ಅಲ್ಲ. ಅದು ಅಳತೆ ತಪ್ಪಬಾರದ ಒಂದು ಔಷಧಿ, ಅಷ್ಟೆ.

ಮಾತ್ರೆ ಒಳಗೆ ಮಾಡುವುದೇನು?

ಆಸ್ಪಿರಿನ್ ಸಿದ್ಧವಾದದ್ದು 1897ರಲ್ಲಿ. ಆದರೆ ಅದು ನೋವನ್ನು ತಗ್ಗಿಸುವುದು ಹೇಗೆಂದು ತಿಳಿಯಲು 1971ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ ಅದನ್ನು ತೋರಿಸಿಕೊಟ್ಟರು, 1982ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಪೆಟ್ಟಾದ ಜಾಗದಲ್ಲಿ ನಮ್ಮ ದೇಹ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯವನ್ನು ತಯಾರಿಸುತ್ತದೆ. ಊತ, ನೋವು ಹೆಚ್ಚುವುದು ಅದರಿಂದ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಇವೆಲ್ಲ ಆ ತಯಾರಿಕೆಯನ್ನೇ ನಿಲ್ಲಿಸುತ್ತವೆ.

ತೊಡಕಿರುವುದು ಇಲ್ಲಿಯೇ. ಅದೇ ದ್ರವ್ಯ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತದ ಹರಿವು ತಗ್ಗದಂತೆ ನೋಡಿಕೊಳ್ಳುತ್ತದೆ. ಕೆಳಗಿನ ಗದ್ದೆಗೆ ನೀರು ಹೆಚ್ಚಾಯಿತೆಂದು ಮೇಲಿನ ತೂಬನ್ನೇ ಮುಚ್ಚಿದರೆ ಅದೇ ಕಾಲುವೆಯ ಉಳಿದ ಗದ್ದೆಗಳೂ ಒಣಗುವುದಿಲ್ಲವೆ? ಹಾಗೆ ಮಂಡಿಯ ನೋವಿಗೆ ನುಂಗಿದ್ದು ಹೊಟ್ಟೆ, ಮೂತ್ರಪಿಂಡಗಳಿಗೂ ತಟ್ಟುತ್ತದೆ. "ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಔಷಧ ಯಾವ ದಾರಿಯಲ್ಲಿ ಹೋದರೂ ರಕ್ತಕ್ಕೆ ಸೇರಿಯೇ ಕೆಲಸ ಮಾಡುತ್ತದೆ. ರೊಟ್ಟಿ ತಿಂದು ನುಂಗಿದರೆ ಉರಿ ಕಡಿಮೆಯಾದೀತು, ಹುಣ್ಣಾಗುವುದಿಲ್ಲ ಎಂಬ ಖಾತ್ರಿಯಿಲ್ಲ. ಗ್ಯಾಸಿಗೆಂದು ಜೊತೆಗೆ ಕೊಡುವ ಪ್ಯಾಂಟೊಪ್ರಜೋಲ್ ಜಠರವನ್ನು ಬಹಳಮಟ್ಟಿಗೆ ಕಾಯುತ್ತದೆ. ಮೂತ್ರಪಿಂಡವನ್ನಾಗಲಿ ಹೃದಯವನ್ನಾಗಲಿ ಕಾಯಲಾರದು.

ರಣಹದ್ದುಗಳ ಸಾವು

ಇದೇ ಡೈಕ್ಲೋಫೆನಾಕ್‌ನ ಇನ್ನೊಂದು ಕಥೆಯನ್ನು ದನ ಸಾಕುವ ನಾವು ಕೇಳಲೇಬೇಕು. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ನಾಶವಾದವು. ಕಾರಣ ತಿಳಿದದ್ದು 2004ರಲ್ಲಿ. ಕುಂಟುವ ದನಕ್ಕೆ, ಕೆಚ್ಚಲು ಬಾತ ಹಸುವಿಗೆ ಕೊಟ್ಟ ಡೈಕ್ಲೋಫೆನಾಕ್ ಸೂಜಿಯ ಅಂಶ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟಿತ್ತು. ಸರ್ಕಾರ 2006ರಲ್ಲಿ ಜಾನುವಾರುಗಳಿಗೆ ಆ ಔಷಧವನ್ನು ನಿಷೇಧಿಸಿತು. ಮನುಷ್ಯರ ಸೂಜಿಮದ್ದನ್ನೇ ದನಕ್ಕೆ ಬಳಸುವುದನ್ನು ತಡೆಯಲು 2015ರಲ್ಲಿ ಅದರ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಿತು. ಅಸೆಕ್ಲೋಫೆನಾಕ್, ಕೀಟೊಪ್ರೊಫೇನ್‌ಗಳೂ 2023ರಲ್ಲಿ ಜಾನುವಾರು ಬಳಕೆಯಿಂದ ಹೊರಬಿದ್ದವು. ನಮ್ಮ ರಾಜ್ಯದಲ್ಲಿ ಅಳಿದುಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಧಾಮವೆಂದು ಘೋಷಿಸಲಾಯಿತು.

ಹಕ್ಕಿಯ ಮೂತ್ರಪಿಂಡ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ, ನಿಜ. ಅವುಗಳಿಗೆ ವಿಷವಾದ ಅಲ್ಪ ಪ್ರಮಾಣ ನಮಗೆ ವಿಷವಲ್ಲ. ಆದರೆ ಆಯಾ ಮೂತ್ರಪಿಂಡದ ಬಲಕ್ಕೆ ತಕ್ಕಂತೆ ಔಷಧದ ಗುಣ ಬದಲಾಗುತ್ತದೆ ಎಂಬ ಮಾತು ಇಬ್ಬರಿಗೂ ಒಂದೇ. ವಯಸ್ಸು ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮರು. ಅದರಲ್ಲೂ ರಕ್ತದೊತ್ತಡದ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಕೂಡಿ, ಬಿಸಿಲಿನಲ್ಲಿ ಬೆವರಿ ನೀರು ಕುಡಿಯದೆ ದುಡಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ನಮಗೆ ಆದದ್ದು ಇದೇ.

ಒಂದೊಂದರ ಗುಣದೋಷ

ಊತ ಇಳಿಸುವ ಮಾತ್ರೆಗಳು: ಮೇಲೆ ಹೇಳಿದ ಡೈಕ್ಲೋಫೆನಾಕ್ ಗುಂಪು. ಮಂಡಿ ಊದಿ ಬಿಸಿಯಾದಾಗ ಇವುಗಳ ಗುಣ ನಿಜವಾದದ್ದು. ಖರ್ಚಿನ ಕಡೆಗೆ ಜಠರದ ಹುಣ್ಣು, ರಕ್ತಸ್ರಾವ, ರಕ್ತದೊತ್ತಡದ ಏರಿಕೆ, ಮೂತ್ರಪಿಂಡದ ಹಾನಿ, ಹೃದಯಾಘಾತದ ಭಯ. ಹೊಟ್ಟೆಗೆ ಹಿತವೆಂದು 1999ರಲ್ಲಿ ಪೇಟೆಗೆ ಬಂದ ರೊಫೆಕಾಕ್ಸಿಬ್ ಎಂಬ ಮಾತ್ರೆಯನ್ನು 2004ರ ಸೆಪ್ಟೆಂಬರಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಹದಿನೆಂಟು ತಿಂಗಳು ಮೀರಿ ದಿನವೂ ನುಂಗಿದವರಲ್ಲಿ ಹೃದಯಾಘಾತ, ಲಕ್ವಗಳ ಅಪಾಯ ಸುಮಾರು ಇಮ್ಮಡಿಯಾಗಿತ್ತು. ಡೈಕ್ಲೋಫೆನಾಕ್‌ಗೂ ಅಂತಹ ದೋಷವುಂಟು. ಹೃದಯದ ಕಾಯಿಲೆ ಇರುವವರು ಅದನ್ನು ಮುಟ್ಟದಿರುವುದು ಲೇಸು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಇವುಗಳನ್ನು ಸೇರಿಸಿದರೆ ರಕ್ತಸ್ರಾವದ ಭಯ ಇನ್ನೂ ಹೆಚ್ಚು.

ಪ್ಯಾರಾಸಿಟಮಾಲ್: ಜಠರಕ್ಕೂ ಮೂತ್ರಪಿಂಡಕ್ಕೂ ಮೇಲಿನವುಗಳಿಗಿಂತ ಸೌಮ್ಯ. ಆದರೆ ಸವೆದ ಮಂಡಿಗೆ ಇದರ ಗುಣ ಅಲ್ಪ. ಸೊಂಟ ನೋವಿಗೆ ಬಹುತೇಕ ಇಲ್ಲವೆಂದೇ ಹೇಳಬೇಕು. ಮಿತಿ ಮೀರಿದರೆ ಯಕೃತ್ತು ಕೆಡುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಮುದುಕರಿಗೆ, ಬಹುದಿನ ತೆಗೆದುಕೊಳ್ಳುವವರಿಗೆ 3 ಗ್ರಾಂ ದಾಟದಂತೆ ಹೇಳುವುದುಂಟು. ಕುಡಿತದ ಅಭ್ಯಾಸವುಳ್ಳವರಿಗೆ ಅದೂ ಹೆಚ್ಚಾಗಬಹುದು. ಅಂಗಡಿಯಲ್ಲಿ ಕೊಡುವ ಜೋಡಿ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಮೇಲೆ 650ರ ಮಾತ್ರೆ ನುಂಗಿದರೆ ನಮಗರಿವಿಲ್ಲದೆ ಲೆಕ್ಕ ಏರುತ್ತದೆ. ಹಾಳೆಯ ಬೆನ್ನ ಮೇಲೆ ಬರೆದಿರುವುದನ್ನು ಮಕ್ಕಳಿಂದಾದರೂ ಓದಿಸಬೇಕು.

ಹಚ್ಚುವ ಮುಲಾಮು: ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಅಂಶ ಮಾತ್ರೆಗಿಂತ ಬಹಳ ಕಡಿಮೆ. ಮಂಡಿ, ಬೆರಳ ಗಂಟುಗಳಂತೆ ಚರ್ಮಕ್ಕೆ ಹತ್ತಿರದ ಕೀಲುಗಳಿಗೆ ಮೊದಲು ಇದನ್ನು ನೋಡಬಹುದು. ಆಳದಲ್ಲಿರುವ ಸೊಂಟಕ್ಕೆ ಅಷ್ಟಾಗಿ ಮುಟ್ಟದು.

ನರದ ನೋವಿನ ಮಾತ್ರೆಗಳು: ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರಿಗೆ ಪ್ರಿಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಮೊದಲಿನೆರಡರಿಂದ ಏಳೆಂಟು ಮಂದಿಯಲ್ಲಿ ಒಬ್ಬರಿಗೆ ಚೆನ್ನಾದ ಗುಣ ಸಿಗುತ್ತದೆ. ಸಾಮಾನ್ಯ ಸೊಂಟ ನೋವಿಗೆ ಇವು ಮದ್ದಲ್ಲ. ತಲೆಸುತ್ತು, ಮಂಪರು ಇವುಗಳ ದೋಷ. ಏಣಿ ಹತ್ತಿ ಕಾಳುಮೆಣಸು ಬಿಡಿಸುವವರು, ಮರಗಸಿ ಮಾಡುವವರು, ಜೀಪು ಓಡಿಸುವವರು ಹೊಸದಾಗಿ ಶುರು ಮಾಡಿದ ದಿನಗಳಲ್ಲಿ ನೆಲದ ಮೇಲಿನ ಕೆಲಸಕ್ಕೆ ನಿಲ್ಲಬೇಕು.

ಟ್ರಮಡಾಲ್: ಅಫೀಮಿನ ಜಾತಿಯದು. 2018ರಿಂದ ಮಾದಕ ವಸ್ತುಗಳ ಕಾನೂನಿಗೆ ಒಳಪಟ್ಟಿದೆ. ಮಲಬದ್ಧತೆ, ವಾಂತಿ, ಮಂಪರು, ಚಟ ಇವು ಇದರ ಖರ್ಚು. ಇದನ್ನೂ ನರದ ಮಾತ್ರೆಗಳನ್ನೂ ಬಿಡುವಾಗ ಒಮ್ಮೆಲೇ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಹೆಸರಿಲ್ಲದ ಪುಡಿ, ಗುಳಿಗೆ: ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ "ಬರೀ ಬೇರು ನಾರು" ಎಂದು ಮಾರುವ ಪೊಟ್ಟಣಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಸಂಶಯಪಡಬೇಕು. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹುಕಾಲ ತಿಂದವರು ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಬೇಕು.

ಸಹಿಸುವುದಕ್ಕೂ ಬೆಲೆಯುಂಟು

ಇಷ್ಟೆಲ್ಲ ಓದಿ "ಹಾಗಾದರೆ ಮಾತ್ರೆಯೇ ಬೇಡ" ಎಂದು ಯಾರೂ ತೀರ್ಮಾನಿಸಬಾರದು. ನಮ್ಮ ಚಿಕ್ಕಮ್ಮ ಹಾಗೆಯೇ ಮಾಡಿದವರು. ಸಕ್ಕರೆ ಕಾಯಿಲೆಯಿಂದ ಪಾದ ಉರಿದು, ರಾತ್ರಿಯೆಲ್ಲ ಗಾರೆ ನೆಲಕ್ಕೆ ಕಾಲೂರಿಕೊಂಡು ಕೂತಿರುತ್ತಿದ್ದರು. "ಮಾತ್ರೆ ತಿಂದು ನಿನ್ನ ಹಾಗೆ ಕಿಡ್ನಿ ಕಳಕೊಳ್ಳಲಾ ಮಗ?" ಎಂದು ನಮ್ಮನ್ನೇ ಕೇಳಿದರು. ನಿದ್ದೆಯಿಲ್ಲದೆ ಊಟ ಬಿಟ್ಟರು, ಯಾರ ಮನೆಯ ಮದುವೆಗೂ ಹೋಗದೆ ಕೋಣೆ ಹಿಡಿದರು. ಕೊನೆಗೆ ವೈದ್ಯರು ಅವರ ಮೂತ್ರಪಿಂಡ ಪರೀಕ್ಷಿಸಿ, ನರದ ಮಾತ್ರೆಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ರಾತ್ರಿಗೆ ಮಾತ್ರ ಕೊಟ್ಟರು. ಮೊದಲ ವಾರ ತಲೆ ಸುತ್ತಿತು, ಗೋಡೆ ಹಿಡಿದು ನಡೆದರು. ಈಗ ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತದೆ. ಬೆಳಿಗ್ಗೆ ಸ್ವಲ್ಪ ಮಂಪರಿರುತ್ತದೆ. "ಆ ಮಂಪರು ಇದ್ದುಕೊಳ್ಳಲಿ, ನಿದ್ದೆ ಬಂತಲ್ಲ" ಎನ್ನುತ್ತಾರೆ. ಇದು ಅವರು ತಿಳಿದು ಕೊಟ್ಟ ಬೆಲೆ. ನಾವು ತಿಳಿಯದೆ ಕೊಟ್ಟೆವು. ವ್ಯತ್ಯಾಸ ಅಷ್ಟೇ.

ಮನೆಯ ಹೆಂಗಸರ ನೋವಿನ ಬಗ್ಗೆ ಒಂದು ಮಾತು. ಸುಲಿತದ ಕಾಲದಲ್ಲಿ ಗಂಡಸರಿಗಿಂತ ಹೆಚ್ಚು ಹೊತ್ತು ಕುಕ್ಕರುಗಾಲಲ್ಲಿ ಕೂರುವವರು ಅವರೇ. ತಮ್ಮ ನೋವನ್ನು ಬಾಯಿಬಿಟ್ಟು ಹೇಳದೆ ಗಂಡನ ಹಾಳೆಯಿಂದಲೇ ಒಂದು ಮಾತ್ರೆ ಮುರಿದುಕೊಳ್ಳುವವರೂ ಅವರೇ. ಅವರ ಲೆಕ್ಕವನ್ನೂ ಬೇರೆಯಾಗಿಯೇ ಇಡಬೇಕು.

ಲೆಕ್ಕ ಇಡುವ ಬಗೆ

1. ಶುರು ಮಾಡುವ ಮೊದಲು ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮಾಡಿಸಿರಿ. ಮುಂದುವರಿಸಬೇಕಾದರೆ ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕೆಂದು ವೈದ್ಯರಲ್ಲಿ ಕೇಳಿರಿ. ಬೋರ್ಡೋಗೆ ಚಾಕು ಅದ್ದಿದಂತೆ ಇದು.

2. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. "ಏನಿಲ್ಲ" ಎಂಬ ನಮ್ಮ ಉತ್ತರವನ್ನು ನೀವು ಕೊಡಬೇಡಿ.

3. ತೋಟದ ದಿನಚರಿಯಲ್ಲೇ ಒಂದು ಸಾಲು ಬರೆಯಿರಿ: ಇಂದು ಎಷ್ಟು ದೂರ ನಡೆದೆ, ಎಷ್ಟು ಹೊತ್ತು ನಿದ್ದೆ ಮಾಡಿದೆ, ಎಷ್ಟು ಮಾತ್ರೆ ನುಂಗಿದೆ, ಮೈಗೆ ಏನು ತೊಂದರೆಯಾಯಿತು. ಎರಡು ವಾರವಾದರೂ ನಡಿಗೆ, ನಿದ್ದೆ ಹೆಚ್ಚದಿದ್ದರೆ ಊತದ ಮಾತ್ರೆಯಿಂದ ಜಮಾ ಇಲ್ಲವೆಂದೇ ಅರ್ಥ. ನರದ ಮಾತ್ರೆಗೆ ಮಾತ್ರ ಇನ್ನೂ ಕೆಲವು ವಾರ ಕಾಯಬೇಕಾಗಬಹುದು.

4. ಕಡಿಮೆ ಪ್ರಮಾಣ, ಕಡಿಮೆ ದಿನ. ಒಂದೇ ಗುಂಪಿನ ಎರಡು ಮಾತ್ರೆ ಎಂದೂ ಕೂಡದು. ಹೆಚ್ಚು ಬೆಲೆಯದು ಹೆಚ್ಚು ಗುಣದ್ದೆಂಬ ಭ್ರಮೆಯೂ ಬೇಡ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ದೊರೆಯುತ್ತದೆ.

5. ಮಾತ್ರೆಯಲ್ಲದ ದಾರಿಯನ್ನೂ ಜಮಾ ಕಡೆಗೆ ಸೇರಿಸಿರಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಸವೆದ ಮಂಡಿಗೆ ಮಾತ್ರೆಯಷ್ಟೇ ಗುಣ ಕೊಡಬಲ್ಲದು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮಣೆಯ ಬದಲು ಎತ್ತರದ ಆಸನ, ಒಂದು ದೊಡ್ಡ ಮೂಟೆಯ ಬದಲು ಎರಡು ಸಣ್ಣ ಮೂಟೆ, ಇವಕ್ಕೆ ಖರ್ಚೂ ಇಲ್ಲ, ದೋಷವೂ ಇಲ್ಲ.

ಜ್ವರದ ಕಾಲದಲ್ಲಿ ವಿಶೇಷ ಎಚ್ಚರ

ನಮ್ಮ ಮಲೆನಾಡಿಗೆ ಸೇರಿದ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕೊಯ್ಲಿನ ಕಾಲದಿಂದ ಬೇಸಿಗೆಯವರೆಗೆ. ಮಳೆಗಾಲಕ್ಕೆ ಡೆಂಗೆ, ಇಲಿ ಜ್ವರ. ಈ ಮೂರರಲ್ಲೂ ಮೊದಲು ಬರುವುದು ಜ್ವರದೊಡನೆ ಮುರಿದಂಥ ಮೈಕೈ ನೋವು. ಅದನ್ನು ಕೆಲಸದ ನೋವೆಂದು ತಿಳಿದು ಡೈಕ್ಲೋಫೆನಾಕ್ ನುಂಗಿದರೆ, ಸೂಜಿ ಹಾಕಿಸಿಕೊಂಡರೆ ಡೆಂಗೆ, ಮಂಗನ ಕಾಯಿಲೆಗಳಲ್ಲಿ ರಕ್ತಸ್ರಾವ ಹೆಚ್ಚಬಹುದು. ಇಲಿ ಜ್ವರದಲ್ಲಿ ಮೊದಲೇ ನೊಂದ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ಜ್ವರವಿದ್ದಾಗ ಮಿತಿಯಲ್ಲಿ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆ ಬೇಡ. ರಕ್ತ ಪರೀಕ್ಷೆಗೆ ತಡಮಾಡಬೇಡಿ.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಕಂಡರೆ, ಮೂತ್ರ ತಗ್ಗಿ ಪಾದ ಊದಿದರೆ, ಎದೆ ಹಿಡಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಸೊಂಟ ನೋವಿನ ಜೊತೆ ಕಾಲಿನ ಬಲ ಹೋದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದಕ್ಕೆ ಮಾತ್ರೆಯ ಮಾತೇ ಇಲ್ಲ, ಕೂಡಲೇ ವೈದ್ಯರು ನೋಡಬೇಕು.

ನಮ್ಮ ಮಂಡಿ ಈಗಲೂ ನೋಯುತ್ತದೆ. ಮೊದಲಿನ ಅರ್ಧದಷ್ಟು ಎನ್ನಬಹುದು. ಬೆಳಿಗ್ಗೆ ವ್ಯಾಯಾಮ, ರಾತ್ರಿ ಮುಲಾಮು, ಕೊಯ್ಲು ಜೋರಿರುವ ದಿನ ಎಂದಾದರೊಂದು ಪ್ಯಾರಾಸಿಟಮಾಲ್. ಕೆಳಗಿನ ತೋಟದಿಂದ ಕಣಕ್ಕೆ ಬರುವಾಗ ನಡುವೆ ಎರಡು ಕಡೆ ಕೂರುತ್ತೇವೆ. ಕೂತಲ್ಲಿಂದ ಗಿಡಗಳನ್ನು ನೋಡುತ್ತೇವೆ; ನಿಲ್ಲದೆ ಹತ್ತುತ್ತಿದ್ದ ಕಾಲದಲ್ಲಿ ಕಾಣದೆ ಹೋದ ಕಾಂಡಕೊರಕದ ಗಿಡ ಒಂದೆರಡು ಹೀಗೆ ಸಿಕ್ಕಿವೆ. ಸದಸ್ಯರು ಈ ಲೇಖನವನ್ನು ಮನೆಯ ಹಿರಿಯರಿಗೂ ಹೆಂಗಸರಿಗೂ ಓದಿ ಹೇಳಬೇಕಾಗಿ ಕೋರುತ್ತೇವೆ. ಮುಂದಿನ ಸಲ ಜಗುಲಿಯಲ್ಲಿ ಯಾರಾದರೂ ಮಾತ್ರೆ ಮುರಿದು ಕೊಟ್ಟರೆ, ಬೇಡವೆನ್ನುವ ಮೊದಲು ಅವರನ್ನೊಂದು ಮಾತು ಕೇಳಿ: "ಕ್ರಿಯಾಟಿನಿನ್ ನೋಡಿಸಿ ಎಷ್ಟು ದಿನ ಆಯ್ತು ಮಾರಾಯ್ರೆ?"